ಸೂಪರ್‌ನೋವಾ ಬೆಳಕನ್ನು ಅಳೆಯುವವರಿಗೆ 14 ಸೂತ್ರಗಳು

ನಕ್ಷತ್ರವೊಂದು ಸಿಡಿದಾಗ ಅದನ್ನು ಮೊದಲು ಕಂಡವರ ಹೆಸರು ಪತ್ರಿಕೆಗೆ ಬರುತ್ತದೆ. ಆ ನಕ್ಷತ್ರ ಆಮೇಲೆ ದಿನದಿಂದ ದಿನಕ್ಕೆ ಹೇಗೆ ಬೆಳಗಿತು, ಯಾವಾಗ ಏರಿ ನಿಂತಿತು, ಎಷ್ಟು ಬೇಗ ಇಳಿಯಿತು ಎಂದು ಬರೆದಿಟ್ಟವರ ಹೆಸರು ಸಾಮಾನ್ಯವಾಗಿ ಬರುವುದಿಲ್ಲ. ಆದರೂ ಸಿಡಿದದ್ದು ಎಂಥ ನಕ್ಷತ್ರ, ಎಷ್ಟು ದೂರದ್ದು, ಸಿಡಿತದಲ್ಲಿ ಎಷ್ಟು ಲೋಹ ಹುಟ್ಟಿತು ಎಂಬ ಪ್ರಶ್ನೆಗಳ ಉತ್ತರ ಬಹುಪಾಲು ಈ ಎರಡನೆಯವರ ನೋಟ್‌ಬುಕ್ಕಿನಲ್ಲೇ ಇರುತ್ತದೆ. ಅದಕ್ಕೆ ದೊಡ್ಡ ವೀಕ್ಷಣಾಲಯವೇ ಬೇಕೆಂದಿಲ್ಲ. ಎಂಟು ಇಂಚಿನ ದೂರದರ್ಶಕ, ಬೀದಿದೀಪ ಕಣ್ಣಿಗೆ ಹೊಡೆಯದ ಒಂದು ತಾರಸಿ, ಪಟ್ಟುಬಿಡದ ಸ್ವಭಾವ ಇದ್ದರೆ ಕರ್ನಾಟಕದ ಯಾವ ಊರಿನಿಂದಲೂ ಶುರುಮಾಡಬಹುದು.

1. ಪತ್ತೆಯ ಆಸೆ ಇರಲಿ, ಅಳತೆಯ ರೂಢಿ ಅದಕ್ಕಿಂತ ಮೊದಲು ಬರಲಿ.

ಆಸ್ಟ್ರೇಲಿಯಾದ ಪಾದ್ರಿ ರಾಬರ್ಟ್ ಇವಾನ್ಸ್ ನೂರಾರು ಗೆಲಾಕ್ಸಿಗಳ ಚಹರೆಯನ್ನು ಬಾಯಿಪಾಠ ಮಾಡಿಕೊಂಡಿದ್ದರು. ಕಣ್ಣಿನಿಂದಲೇ ನೋಡಿ 40ಕ್ಕೂ ಹೆಚ್ಚು ಸೂಪರ್‌ನೋವಾ ಪತ್ತೆಹಚ್ಚಿದರು. ಜಪಾನಿನ ಕೊಯಿಚಿ ಇಟಗಾಕಿ ಕ್ಯಾಮೆರಾ ಬಳಸಿ 150ನ್ನೂ ದಾಟಿದ್ದಾರೆ. ಇವರ ದಾರಿ ಈಗಲೂ ತೆರೆದಿದೆ, ಆದರೆ ಕಡಿದಾಗಿದೆ. ಕ್ಯಾಲಿಫೋರ್ನಿಯಾದ ಪಾಲೊಮಾರ್‌ನಲ್ಲಿರುವ ಝ್ವಿಕಿ ಸಮೀಕ್ಷೆಯ ಕ್ಯಾಮೆರಾ ಒಂದೇ ಚಿತ್ರದಲ್ಲಿ 47 ಚದರ ಡಿಗ್ರಿ ಆಕಾಶವನ್ನು ಹಿಡಿಯುತ್ತದೆ. ಅದರೊಂದಿಗೆ ಓಟಕ್ಕೆ ನಿಂತರೆ ಹೆಚ್ಚಿನವರಿಗೆ ಸಿಗುವುದು ನಿರಾಸೆ.

ಅಳತೆಯ ವಿಷಯ ಹಾಗಲ್ಲ. ಹತ್ತಿರದ ಗೆಲಾಕ್ಸಿಯಲ್ಲಿ ಸಿಡಿದ ಸೂಪರ್‌ನೋವಾ 11, 12ನೇ ಕಾಂತಿಮಾನಕ್ಕೆ (ಈ ಅಂಕಿ ಕಡಿಮೆಯಾದಷ್ಟೂ ಬೆಳಕು ಹೆಚ್ಚು) ಏರಿದರೆ ದೈತ್ಯ ಯಂತ್ರಗಳಿಗೆ ಅದು ಕಣ್ಣು ಕೋರೈಸುವ ಬೆಳಕು. ಚಿಲಿಯ ರೂಬಿನ್ ವೀಕ್ಷಣಾಲಯದ ಕ್ಯಾಮೆರಾಗೆ 15ನೇ ಕಾಂತಿಮಾನದ ತಾರೆಯೇ ಅತಿಯಾಗುತ್ತದೆ. ವಿಜ್ಞಾನಿಗಳಿಗೆ ತೀರ ಬೇಕಾದ ಈ ಸಮೀಪದ ಸಿಡಿತಗಳು ಸಣ್ಣ ದೂರದರ್ಶಕದ ಪಾಲಿಗೇ ಬರುತ್ತವೆ. ಇದು ನಿಮ್ಮ ಜಾಗ, ಇಲ್ಲಿ ಗಟ್ಟಿಯಾಗಿ ನಿಲ್ಲಿ.

2. ನಿಮ್ಮ ನೆತ್ತಿಯ ಮೇಲಿನ ಆಕಾಶದಿಂದ ಶುರುಮಾಡಿ.

ಪುಸ್ತಕಗಳು ಹೆಚ್ಚಾಗಿ ಯುರೋಪ್, ಅಮೆರಿಕದ ಅಕ್ಷಾಂಶಕ್ಕೆ ಬರೆದವು. ಅವುಗಳಲ್ಲಿ ಸಪ್ತರ್ಷಿ ಮಂಡಲದ ಗೆಲಾಕ್ಸಿಗಳಿಗೆ ಮೊದಲ ಮಣೆ. 2014ರ ಜನವರಿಯಲ್ಲಿ ಎಂ82ರಲ್ಲಿ ಸಿಡಿದ 2014ಜೆ ಅಲ್ಲಿನವರಿಗೆ ತಲೆಯ ಮೇಲಿತ್ತು. ಬೆಂಗಳೂರಿನಿಂದ ಎಂ82 ಉತ್ತರ ದಿಗಂತದಿಂದ 34 ಡಿಗ್ರಿಗಿಂತ ಮೇಲೆ ಏರುವುದೇ ಇಲ್ಲ. ಆ ಎತ್ತರದಲ್ಲಿ ನೆತ್ತಿಯ ಮೇಲಿದ್ದುದಕ್ಕಿಂತ ಸುಮಾರು 1.8 ಪಟ್ಟು ಗಾಳಿಯನ್ನು ದಾಟಿ ಬೆಳಕು ಬರಬೇಕು. 30 ಡಿಗ್ರಿಗಿಂತ ಕೆಳಗಿನ ಅಳತೆಯನ್ನು, ಬೇರೆ ದಾರಿ ಇಲ್ಲದಿದ್ದರೆ ಮಾತ್ರ ಮಾಡಿ.

ನಮಗೆ ದಕ್ಕಿರುವ ಭಾಗ್ಯವೇ ಬೇರೆ. ಕನ್ಯಾ ರಾಶಿಯ ಗೆಲಾಕ್ಸಿ ಗುಚ್ಛದ ನಡುಭಾಗದ ಕ್ರಾಂತಿ, ಅಂದರೆ ಆಕಾಶದಲ್ಲಿನ ಅಕ್ಷಾಂಶ, ಉತ್ತರಕ್ಕೆ 12ರಿಂದ 13 ಡಿಗ್ರಿ. ಬೆಂಗಳೂರಿನ ಅಕ್ಷಾಂಶ 13 ಡಿಗ್ರಿ. ಅಂದರೆ ಎಂ84, ಎಂ86, ಎಂ87 ನಮ್ಮ ನೆತ್ತಿಗೆ ಅಂಟಿಕೊಂಡೇ ಹಾದುಹೋಗುತ್ತವೆ. ಏಪ್ರಿಲ್‌ನಲ್ಲಿ ರಾತ್ರಿ ಹತ್ತು–ಹನ್ನೊಂದರ ಹೊತ್ತಿಗೆ ಸಾವಿರಕ್ಕೂ ಮಿಕ್ಕ ಗೆಲಾಕ್ಸಿಗಳ ಆ ಗುಚ್ಛ ತಲೆಯ ಮೇಲಿರುತ್ತದೆ, ಮುಂಗಾರು ಇನ್ನೂ ದೂರವಿರುತ್ತದೆ. ಒಂದು ವರ್ಗಕ್ಕೇ ತನ್ನ ಹೆಸರು ಕೊಟ್ಟ ಮಂಕು, ಕೆಂಪು ಸೂಪರ್‌ನೋವಾ 1991ಬಿಜಿ ಸಿಡಿದದ್ದು ಎಂ84ರಲ್ಲಿ. ಎಂ61ರಲ್ಲಿ 1926ರಿಂದ 2020ರವರೆಗೆ ಎಂಟು ಸೂಪರ್‌ನೋವಾ ಕಂಡಿವೆ. ಎಂ100ರಲ್ಲಿ 1979ರಲ್ಲಿ ಸಿಡಿದದ್ದನ್ನು ಕಂಡವರು ಅಮೆರಿಕದ ಹವ್ಯಾಸಿ ಗಸ್ ಜಾನ್ಸನ್. ದಕ್ಷಿಣದ ಎಂ83 ಕೂಡ ಇಲ್ಲಿಂದ 47 ಡಿಗ್ರಿ ಎತ್ತರಕ್ಕೆ ಬರುತ್ತದೆ, 1923ರಿಂದ 1983ರೊಳಗೆ ಅಲ್ಲಿ ಆರು ಸಿಡಿದಿವೆ. ಈ ನಾಲ್ಕಾರು ಗೆಲಾಕ್ಸಿಗಳನ್ನು ಮನೆಯವರ ಮುಖದಷ್ಟು ಚೆನ್ನಾಗಿ ಗುರುತಿಸುವಂತಾಗಿ.

3. ಹೋಲಿಕೆ ತಾರೆಗಳನ್ನು ನೀವೇ ಆರಿಸಬೇಡಿ.

ಅಮೆರಿಕದಲ್ಲಿ 1911ರಲ್ಲಿ ಶುರುವಾದ, ಬೆಳಕು ಬದಲಿಸುವ ನಕ್ಷತ್ರಗಳ ವೀಕ್ಷಕರ ಸಂಘ ಎಎವಿಎಸ್‌ಒ ಪ್ರಕಾಶಮಾನ ಸೂಪರ್‌ನೋವಾಗಳಿಗೆ ನಕ್ಷೆ ಕೊಡುತ್ತದೆ. ಅದರಲ್ಲಿ ಸುತ್ತಲಿನ ತಾರೆಗಳ ಕಾಂತಿಮಾನ ಅಚ್ಚಾಗಿರುತ್ತದೆ, ದಶಾಂಶದ ಚುಕ್ಕೆ ಮಾತ್ರ ಇರುವುದಿಲ್ಲ. 124 ಎಂದಿದ್ದರೆ 12.4. ಚುಕ್ಕೆ ಹಾಕಿದರೆ ಅದನ್ನೇ ತಾರೆ ಅಂದುಕೊಂಡುಬಿಡಬಹುದೆಂಬ ಮುನ್ನೆಚ್ಚರಿಕೆ ಅದು. ಎಲ್ಲರೂ ಒಂದೇ ನಕ್ಷೆ ಬಳಸಿದಾಗ ಮಾತ್ರ ಧಾರವಾಡದ ಅಳತೆಯೂ ಫಿನ್‌ಲೆಂಡಿನ ಅಳತೆಯೂ ಒಂದೇ ಗೆರೆಗೆ ಬರುತ್ತವೆ. ನಕ್ಷೆಯ ಗುರುತಿನ ಸಂಖ್ಯೆಯನ್ನು ಅಳತೆಯ ಪಕ್ಕದಲ್ಲೇ ಬರೆದಿಡಿ.

ಈ ಕಾಂತಿಮಾನದ ಅಳತೆಗೋಲಿಗೆ ನಮ್ಮ ನೆಲದ ನಂಟೂ ಇದೆ. ಐದು ಕಾಂತಿಮಾನದ ವ್ಯತ್ಯಾಸವೆಂದರೆ ಬೆಳಕಿನಲ್ಲಿ ಸರಿಯಾಗಿ 100 ಪಟ್ಟು ವ್ಯತ್ಯಾಸ, ಹಾಗಾಗಿ ಒಂದಕ್ಕೆ 2.512 ಪಟ್ಟು ಎಂದು 1856ರಲ್ಲಿ ಸೂಚಿಸಿದ ನಾರ್ಮನ್ ಪೋಗ್ಸನ್ 1861ರಿಂದ ಮದ್ರಾಸ್ ವೀಕ್ಷಣಾಲಯದ ಮುಖ್ಯಸ್ಥರಾಗಿ, 1891ರಲ್ಲಿ ಸಾಯುವವರೆಗೂ ಅಲ್ಲೇ ಇದ್ದರು. ಅವರ ಸಹಾಯಕ ಚಿಂತಾಮಣಿ ರಘುನಾಥಾಚಾರಿ ಅದೇ ವೀಕ್ಷಣಾಲಯದಲ್ಲಿ ಆರ್ ರೆಟಿಕ್ಯುಲಿ ಎಂಬ ನಕ್ಷತ್ರದ ಬೆಳಕು ಬದಲಾಗುವುದನ್ನು ಕಂಡುಹಿಡಿದರು. ನೀವು ಅಂದಾಜಿಸುವ ಪ್ರತಿ ಅಂಕಿಯೂ ಆ ಸಾಲಿಗೆ ಸೇರಿದ್ದು.

4. ಕಣ್ಣಿನಿಂದ ಅಂದಾಜಿಸುವಾಗ ಒಂದು ಹೆಚ್ಚಿನದು, ಒಂದು ಕಡಿಮೆಯದು ಹಿಡಿಯಿರಿ.

ಸೂಪರ್‌ನೋವಾಕ್ಕಿಂತ ತುಸು ಪ್ರಕಾಶಮಾನವಾದ ಒಂದು ತಾರೆ, ತುಸು ಮಂಕಾದ ಇನ್ನೊಂದು. 12.1 ಮತ್ತು 12.6ರ ನಡುವೆ ಅದು ಮೊದಲನೆಯದಕ್ಕೆ ಹತ್ತಿರವಿದೆ, ಐದರಲ್ಲಿ ಎರಡು ಪಾಲು ಇಳಿದಿದೆ ಅನ್ನಿಸಿದರೆ 12.3. ಅಷ್ಟೇ ಲೆಕ್ಕ. ನುರಿತ ಕಣ್ಣು ಒಂದೆರಡು ದಶಾಂಶದೊಳಗೆ ಇದನ್ನು ಹೇಳಬಲ್ಲದು.

ಕಣ್ಣಿಗೂ ಅದರದೇ ಸ್ವಭಾವಗಳಿವೆ. ಕೆಂಪು ತಾರೆಯನ್ನು ದಿಟ್ಟಿಸಿದಷ್ಟೂ ಅದು ಹೆಚ್ಚು ಬೆಳಗಿದಂತೆ ಕಾಣುತ್ತದೆ, ಸೂಪರ್‌ನೋವಾಗಳೋ ದಿನ ಕಳೆದಂತೆ ಕೆಂಪಗಾಗುತ್ತವೆ. ಆದ್ದರಿಂದ ದಿಟ್ಟಿಸದೆ, ಚುಟುಕಾಗಿ ನೋಡಿ ಕಣ್ಣು ತೆಗೆಯಿರಿ. ಮಂಕು ತಾರೆಗೆ ಓರೆನೋಟ ಬೇಕು. ಹೋಲಿಸುವ ಎರಡು ತಾರೆಗಳ ನಡುವಿನ ಗೆರೆ ನಿಮ್ಮ ಎರಡು ಕಣ್ಣುಗಳ ಗೆರೆಗೆ ಸಮಾನಾಂತರವಾಗುವಂತೆ ತಲೆ ತಿರುಗಿಸಿಕೊಳ್ಳಿ. ಮೇಲೆ–ಕೆಳಗೆ ಇಟ್ಟು ನೋಡಿದರೆ ಅಂದಾಜು ಒಂದು ಕಡೆಗೆ ವಾಲುತ್ತದೆ.

5. ನಿನ್ನೆಯ ಅಂಕಿಯನ್ನು ನೋಡಬೇಡಿ.

ನಿಮ್ಮದೂ ಬೇಡ, ಪರರದೂ ಬೇಡ. "ಎಲ್ಲರೂ 12.0 ಅಂದಿದ್ದಾರೆ" ಎಂದು ತಿಳಿದ ಮೇಲೆ ನಿಮ್ಮ ಕಣ್ಣು 12.0 ಅನ್ನೇ ನೋಡುತ್ತದೆ. ಮೊದಲು ಬರೆಯಿರಿ, ಆಮೇಲೆ ಹೋಲಿಸಿ. ವ್ಯತ್ಯಾಸ ಕಂಡರೂ ತಿದ್ದಬೇಡಿ.

6. ಕ್ಯಾಮೆರಾ ಹಿಡಿದಿದ್ದರೆ ಚಂದದ ಚಿತ್ರದ ಮೋಹ ಬಿಡಿ.

ಅಳತೆಗೆ ಬೇಕಾದದ್ದು ಸೆನ್ಸರ್ ಎಣಿಸಿದ ಬೆಳಕು, ಹಾಗೇ, ಯಾವ ಅಲಂಕಾರವೂ ಇಲ್ಲದೆ. ಜೆಪೆಗ್ ಕಡತದಲ್ಲಿ ಆ ಎಣಿಕೆ ಕೆಟ್ಟುಹೋಗಿರುತ್ತದೆ. ಡಿಎಸ್‌ಎಲ್‌ಆರ್ ಆದರೆ ರಾ ಕಡತ, ಖಗೋಳ ಕ್ಯಾಮೆರಾ ಆದರೆ ಫಿಟ್ಸ್ ಕಡತ ಉಳಿಸಿಕೊಳ್ಳಿ. ಹೊಳಪು ಹೆಚ್ಚಿಸುವುದು, ಗದ್ದಲ ಅಳಿಸುವುದು, ಅಂಚು ಚೂಪಾಗಿಸುವುದು ಇವು ಯಾವುವೂ ಅಳತೆಯ ಕಡತದ ಹತ್ತಿರ ಸುಳಿಯಬಾರದು.

ಪ್ರತಿ ರಾತ್ರಿ ಡಾರ್ಕ್ ಚಿತ್ರ ತೆಗೆಯಿರಿ: ಮುಚ್ಚಳ ಹಾಕಿ, ಅಷ್ಟೇ ಸಮಯ, ಅಷ್ಟೇ ಉಷ್ಣತೆ. ಫ್ಲ್ಯಾಟ್ ಚಿತ್ರ ತೆಗೆಯಿರಿ: ಸಂಜೆಯ ಆಕಾಶಕ್ಕೋ ಒಂದೇ ಸಮನೆ ಬೆಳಗುವ ಹಲಗೆಗೋ ಗುರಿಯಿಟ್ಟು. ದೂರದರ್ಶಕದ ಅಂಚುಗಳಲ್ಲಿ ಬೆಳಕು ಕಡಿಮೆಯಾಗುವುದು, ಸೆನ್ಸರಿನ ಮೇಲಿನ ಧೂಳಿನ ನೆರಳು, ಎರಡನ್ನೂ ಸರಿಮಾಡುವುದು ಫ್ಲ್ಯಾಟ್ ಮಾತ್ರ. ಇದನ್ನು ಬಿಟ್ಟವರ ಅಳತೆ ಸೂಪರ್‌ನೋವಾ ಚಿತ್ರದ ಯಾವ ಮೂಲೆಯಲ್ಲಿತ್ತು ಎಂಬುದರ ಮೇಲೆ ಬದಲಾಗುತ್ತದೆ. ಹೋಲಿಕೆ ತಾರೆಯ ನಡುವಿನ ಪಿಕ್ಸೆಲ್ ತುಂಬಿ ತುಳುಕಿದ್ದರೆ ಆ ತಾರೆಯನ್ನು ಕೈಬಿಡಿ, ಇಲ್ಲವೇ ಎಕ್ಸ್‌ಪೋಷರ್ ಇಳಿಸಿ. ಅಳತೆಯ ತಂತ್ರಾಂಶಕ್ಕೆ ದುಡ್ಡು ಸುರಿಯಬೇಕಿಲ್ಲ. ಆಸ್ಟ್ರೋಇಮೇಜ್‌ಜೆ, ಸಿರಿಲ್ ಎರಡೂ ಉಚಿತ.

7. ಫಿಲ್ಟರ್ ಕೊಳ್ಳುವುದಾದರೆ ಮೊದಲು 'ವಿ'.

ಕಣ್ಣಿಗೆ ಕಾಣುವ ಬೆಳಕಿಗೆ ಹತ್ತಿರದ ಹಳದಿ–ಹಸಿರು ಪಟ್ಟಿ ಅದು. ಫಿಲ್ಟರ್ ಇಲ್ಲದ ಅಳತೆಯೂ ಪತ್ತೆಗೆ ಸಾಕು, ಆದರೆ ಬೇರೆಯವರ ಅಳತೆಯೊಂದಿಗೆ ಕೂಡಿಸುವುದು ಕಷ್ಟ. ಡಿಎಸ್‌ಎಲ್‌ಆರ್ ಇದ್ದವರು ಹಸಿರು ಪಿಕ್ಸೆಲ್‌ಗಳನ್ನಷ್ಟೇ ಬೇರ್ಪಡಿಸಿ ಅಳೆಯಬಹುದು, ವರದಿಯಲ್ಲಿ ಹಾಗೆಂದು ನಮೂದಿಸಬೇಕು.

ಕೈಯಲ್ಲಿ ಇನ್ನೊಂದಿಷ್ಟು ಹಣವಿದ್ದರೆ ನೀಲಿಯ 'ಬಿ' ಫಿಲ್ಟರ್ ತೆಗೆದುಕೊಳ್ಳಿ. ಎರಡರ ವ್ಯತ್ಯಾಸವೇ ಬಣ್ಣ, ಬಣ್ಣದಲ್ಲಿ ಉಷ್ಣತೆಯ ಸುದ್ದಿಯಿದೆ, ನಡುವಿನ ಧೂಳಿನ ಸುದ್ದಿಯೂ ಇದೆ. 2014ಜೆ ತನ್ನ ಗೆಲಾಕ್ಸಿಯ ದಟ್ಟ ಧೂಳಿನ ಹಿಂದೆ ಇದ್ದುದರಿಂದ ತೀರ ಕೆಂಪಗೆ ಕಂಡಿತು. ಎರಡು ಫಿಲ್ಟರ್ ಇದ್ದವರಿಗೆ ಅದು ಮೊದಲ ರಾತ್ರಿಯೇ ತಿಳಿಯುವಂತಿತ್ತು.

8. ಗೆಲಾಕ್ಸಿಯ ಬೆಳಕನ್ನು ಸೂಪರ್‌ನೋವಾದ ಲೆಕ್ಕಕ್ಕೆ ಸೇರಿಸಬೇಡಿ.

ಸೂಪರ್‌ನೋವಾ ಅಳತೆಯಲ್ಲಿ ಅತಿ ಹೆಚ್ಚು ಕೈಕೊಡುವ ಜಾಗ ಇದು. ಒಂಟಿ ನಕ್ಷತ್ರದ ಸುತ್ತ ಕಪ್ಪು ಆಕಾಶವಿರುತ್ತದೆ. ಸೂಪರ್‌ನೋವಾದ ಸುತ್ತ ಸುರುಳಿ ತೋಳು, ಅನಿಲದ ಮೋಡ, ಗೆಲಾಕ್ಸಿಯ ನಡುವಿನ ಹೊಳಪು. ತಂತ್ರಾಂಶ ಅಳೆಯುವ ವೃತ್ತದೊಳಗೆ ಇವೆಲ್ಲ ನುಸುಳುತ್ತವೆ. ಸೂಪರ್‌ನೋವಾ ಜೋರಾಗಿದ್ದಾಗ ಇದು ಗೊತ್ತೇ ಆಗುವುದಿಲ್ಲ. ಅದು ಮಂಕಾಗುತ್ತ ಹೋದಂತೆ ನಿಮ್ಮ ಅಂಕಿ ಒಂದು ಕಡೆ ನಿಂತುಬಿಡುತ್ತದೆ. ಅಲ್ಲಿಗೆ ನೀವು ಅಳೆಯುತ್ತಿರುವುದು ಗೆಲಾಕ್ಸಿಯನ್ನು.

ಪರಿಹಾರ ಒಂದೇ: ಸೂಪರ್‌ನೋವಾ ಇಲ್ಲದ ಅದೇ ಗೆಲಾಕ್ಸಿಯ ಚಿತ್ರವನ್ನು ಕಳೆಯುವುದು. ಸಮೀಕ್ಷೆಗಳ ಹಳೆಯ ಚಿತ್ರಗಳು ಸಿಗುತ್ತವೆ, ಆದರೆ ನಿಮ್ಮದೇ ದೂರದರ್ಶಕ, ನಿಮ್ಮದೇ ಫಿಲ್ಟರಿನ ಚಿತ್ರಕ್ಕೆ ಸಾಟಿಯಿಲ್ಲ. ಎರಡನೇ ಸೂತ್ರದ ಗೆಲಾಕ್ಸಿಗಳನ್ನು ಈ ವರ್ಷವೇ, ಏನೂ ಸಿಡಿಯದಿದ್ದಾಗಲೇ, ಒಳ್ಳೆಯ ರಾತ್ರಿ ನೋಡಿ ಚಿತ್ರ ತೆಗೆದಿಟ್ಟುಕೊಳ್ಳಿ. ಮುಂದೆ ಅಲ್ಲಿ ಸಿಡಿತ ಕಂಡ ದಿನ ಅದು ನಿಮ್ಮ ಆಸ್ತಿ.

9. ಗಡಿಯಾರ ಸರಿಯಿರಲಿ, ಸಮಯ ವಿಶ್ವಮಾನದಲ್ಲಿರಲಿ.

ಭಾರತೀಯ ಸಮಯದಿಂದ ಐದೂವರೆ ಗಂಟೆ ಕಳೆಯಿರಿ. ಖಗೋಳಜ್ಞರು ದಿನಗಳನ್ನು ಬಿಡದೆ ಎಣಿಸಿಕೊಂಡು ಬಂದ ಜೂಲಿಯನ್ ದಿನಾಂಕ ಬದಲಾಗುವುದು ವಿಶ್ವಮಾನದ ಮಧ್ಯಾಹ್ನ 12ಕ್ಕೆ, ಅಂದರೆ ನಮ್ಮ ಸಂಜೆ 5.30ಕ್ಕೆ. ಹಾಗಾಗಿ ನಮ್ಮ ಇಡೀ ರಾತ್ರಿ ಒಂದೇ ಜೂಲಿಯನ್ ದಿನದೊಳಗೆ ಬೀಳುತ್ತದೆ. ಮಧ್ಯರಾತ್ರಿ ದಾಟಿದ ಮೇಲೆ ತಾರೀಖು ತಪ್ಪುವ ಗೋಜಿಲ್ಲ. ಪರೀಕ್ಷೆಗೆ ಒಂದು ಗುರುತು: 2023ರ ಫೆಬ್ರವರಿ 24ರ ಸಂಜೆ 5.30ಕ್ಕೆ ಜೂಲಿಯನ್ ದಿನ 24,60,000 ಶುರುವಾಯಿತು.

10. ಅಂಕಿಯ ಪಕ್ಕದಲ್ಲಿ ಅದರ ಅನಿಶ್ಚಿತತೆಯನ್ನೂ ಬರೆಯಿರಿ.

ಸಂಕೇತ ಗದ್ದಲದ 20 ಪಟ್ಟು ಇದ್ದರೆ ಅನಿಶ್ಚಿತತೆ ಸುಮಾರು 0.05 ಕಾಂತಿಮಾನ, 100 ಪಟ್ಟಿದ್ದರೆ ಸುಮಾರು 0.01. ತೆಳು ಮೋಡ, ಬೆಳದಿಂಗಳು, ಇಬ್ಬನಿ ಕೂತ ಕನ್ನಡಿ ಇದ್ದರೆ ಟಿಪ್ಪಣಿಯಲ್ಲಿ ಹೇಳಿ. ಬೆಳಕು ಬದಲಿಸದ ಇನ್ನೊಂದು ತಾರೆಯನ್ನೂ ಪ್ರತಿ ರಾತ್ರಿ ಅಳೆಯಿರಿ. ಅದರ ಅಂಕಿ ಅಲುಗಾಡಿದರೆ ಅಂದಿನ ಸೂಪರ್‌ನೋವಾ ಅಂಕಿಯನ್ನೂ ನಂಬಬೇಡಿ.

11. ಕಾಣದಿದ್ದರೆ "ಕಾಣಲಿಲ್ಲ" ಎಂದು ಬರೆಯಿರಿ.

ನ್ಯೂಜಿಲೆಂಡಿನ ಆಲ್ಬರ್ಟ್ ಜೋನ್ಸ್ ತಮ್ಮ ಜೀವಮಾನದಲ್ಲಿ 5 ಲಕ್ಷಕ್ಕೂ ಹೆಚ್ಚು ಬಾರಿ ನಕ್ಷತ್ರಗಳ ಬೆಳಕನ್ನು ಅಂದಾಜಿಸಿದ ಹವ್ಯಾಸಿ. 1987ರ ಫೆಬ್ರವರಿ 23ರಂದು ವಿಶ್ವಮಾನ ಬೆಳಿಗ್ಗೆ 7.35ಕ್ಕೆ ಜಪಾನಿನ ಕಮಿಯೊಕಾಂಡೆ ಮತ್ತು ಅಮೆರಿಕದ ಐಎಂಬಿ ಪತ್ತೆಯಂತ್ರಗಳಿಗೆ ಸೂಪರ್‌ನೋವಾ 1987ಎಯಿಂದ ಹೊರಟ ನ್ಯೂಟ್ರಿನೊ ಕಣಗಳು ಬಡಿದವು. ಆಗ ಅದು ಯಾರಿಗೂ ತಿಳಿಯಲಿಲ್ಲ. ಎರಡು ಗಂಟೆಯೊಳಗೆ ಜೋನ್ಸ್ ತಮ್ಮ ರೂಢಿಯಂತೆ ನೆರೆಯ ಗೆಲಾಕ್ಸಿ ದೊಡ್ಡ ಮೆಗಲಾನಿಕ್ ಮೋಡದಲ್ಲಿ ಅದು ಸಿಡಿದ ಭಾಗವನ್ನು ನೋಡಿದ್ದರು. ಅಲ್ಲಿ 7.5ಕ್ಕಿಂತ ಪ್ರಕಾಶಮಾನವಾದ ಹೊಸದೇನೂ ಅವರಿಗೆ ಕಾಣಲಿಲ್ಲ. ಮತ್ತೊಂದು ಗಂಟೆ ಕಳೆದಾಗ ಆಸ್ಟ್ರೇಲಿಯಾದಲ್ಲಿ ರಾಬರ್ಟ್ ಮೆಕ್‌ನಾಟ್ ತೆಗೆದ ಚಿತ್ರದಲ್ಲಿ ಅದು 6ನೇ ಕಾಂತಿಮಾನದ ಆಸುಪಾಸಿಗೆ ಏರಿತ್ತು.

ನಕ್ಷತ್ರದ ಒಡಲು ಕುಸಿದ ಕ್ಷಣಕ್ಕೂ ಬೆಳಕು ಹೊರಬಿದ್ದ ಕ್ಷಣಕ್ಕೂ ನಡುವೆ ಎಷ್ಟು ಹೊತ್ತಾಯಿತು ಎಂಬ ಪ್ರಶ್ನೆಗೆ ಜೋನ್ಸ್ ಅವರ ಆ "ಇಲ್ಲ" ಒಂದು ಗಟ್ಟಿ ಬೇಲಿ ಹಾಕಿತು. ಸಿಡಿದ ನಕ್ಷತ್ರ ಎಷ್ಟು ದೊಡ್ಡದಿತ್ತು ಎಂಬ ಲೆಕ್ಕಕ್ಕೂ ಅದು ನೆರವಾಯಿತು. ಕಾಣದ ರಾತ್ರಿಯ ಸಾಲಿಗೆ ನೀವು ನೋಡಲು ಸಾಧ್ಯವಾದ ಅತ್ಯಂತ ಮಂಕು ಹೋಲಿಕೆ ತಾರೆಯ ಕಾಂತಿಮಾನ ಹಾಕಿ, "ಇದಕ್ಕಿಂತ ಮಂಕು" ಎಂಬ ಚಿಹ್ನೆಯೊಂದಿಗೆ ಕಳಿಸಿ. ಖಾಲಿ ಬಿಡಬೇಡಿ. ಹವ್ಯಾಸಿಗಳ ಲೋಕದಲ್ಲಿ ಇಷ್ಟು ಬೆಲೆಬಾಳುವ, ಇಷ್ಟು ಅಗ್ಗವಾಗಿ ಕಳೆದುಹೋಗುವ ಮಾಹಿತಿ ಬೇರೊಂದಿಲ್ಲ.

ಅರ್ಜೆಂಟಿನಾದ ರೊಸಾರಿಯೊ ನಗರದ ಹವ್ಯಾಸಿ ವಿಕ್ಟರ್ ಬುಸೊ ಅವರದೂ ಇದೇ ಪಾಠ. 2016ರ ಸೆಪ್ಟೆಂಬರ್ 20ರಂದು ಹೊಸ ಕ್ಯಾಮೆರಾವನ್ನು ಪರೀಕ್ಷಿಸಲು ಅವರು ಎನ್‌ಜಿಸಿ 613 ಗೆಲಾಕ್ಸಿಯನ್ನು ಮತ್ತೆ ಮತ್ತೆ ಸೆರೆಹಿಡಿದರು. ಮೊದಲ ಚಿತ್ರಗಳಲ್ಲಿ ಏನೂ ಇರಲಿಲ್ಲ, ಆಮೇಲಿನವುಗಳಲ್ಲಿ ಚುಕ್ಕೆಯೊಂದು ಮೂಡಿ ಬೆಳಗುತ್ತಿತ್ತು. ಸಿಡಿತದ ಅಲೆ ನಕ್ಷತ್ರದ ಮೈಯನ್ನು ಸೀಳಿ ಹೊರಬರುವ ಬೆಳಕು ಹಾಗೆ ದಾಖಲಾದದ್ದು ವಿರಳಾತಿವಿರಳ. 2018ರಲ್ಲಿ 'ನೇಚರ್' ಅದನ್ನು ಪ್ರಕಟಿಸಿತು. ಏನೂ ಇಲ್ಲದ ಆ ಮೊದಲ ಚಿತ್ರಗಳನ್ನು ಅವರು ಅಳಿಸಿಬಿಟ್ಟಿದ್ದರೆ ಉಳಿದವುಗಳ ಅರ್ಥವೇ ಮಸುಕಾಗುತ್ತಿತ್ತು.

12. ಸುದ್ದಿ ತಣ್ಣಗಾದ ಮೇಲೆ ಕೆಲಸ ಬಿಡಬೇಡಿ.

ಮೊದಲ ಮೂರು ವಾರ ಸಾಧ್ಯವಾದರೆ ಪ್ರತಿ ರಾತ್ರಿ ಅಳೆಯಿರಿ. ಒಂದನೇ-ಎ ವರ್ಗದ ಸೂಪರ್‌ನೋವಾ ಸಿಡಿದು ಹದಿನೆಂಟು ದಿನಗಳ ಹೊತ್ತಿಗೆ ತುದಿ ಮುಟ್ಟುತ್ತದೆ. ತುದಿಯಿಂದ 15 ದಿನಗಳಲ್ಲಿ ಅದು ನೀಲಿ ಬೆಳಕಿನಲ್ಲಿ ಎಷ್ಟು ಇಳಿಯಿತು ಎಂಬುದನ್ನು ಹಿಡಿದು ಅದರ ನಿಜವಾದ ಪ್ರಕಾಶವನ್ನು ಹೇಳಬಹುದೆಂದು ಮಾರ್ಕ್ ಫಿಲಿಪ್ಸ್ 1993ರಲ್ಲಿ ತೋರಿಸಿದರು. ವಿಶ್ವದ ಹಿಗ್ಗುವಿಕೆ ವೇಗ ಹೆಚ್ಚಿಸಿಕೊಳ್ಳುತ್ತಿದೆ ಎಂಬ, 2011ರ ನೊಬೆಲ್ ಪಡೆದ ಸಂಶೋಧನೆ ನಿಂತಿರುವುದು ಇಂಥ ಅಳತೆಗಳ ಮೇಲೆ. ತುದಿಯ ದಿನ ತಪ್ಪಿದರೆ ಈ ಲೆಕ್ಕವೂ ತಪ್ಪುತ್ತದೆ.

ಎರಡನೇ ವರ್ಗದಲ್ಲಿ ಕೆಲವು ಸುಮಾರು 100 ದಿನ ಒಂದೇ ಮಟ್ಟದಲ್ಲಿ ನಿಂತು, ಆಮೇಲೆ ಧುಮುಕುತ್ತವೆ. ಆ ಧುಮುಕುವ ವಾರವೇ ಹೆಚ್ಚಾಗಿ ದಾಖಲೆಗಳಲ್ಲಿ ಖಾಲಿ, ಏಕೆಂದರೆ ಅಷ್ಟರಲ್ಲಿ ಎಲ್ಲರಿಗೂ ಬೇಸರ ಬಂದಿರುತ್ತದೆ. ಅದರ ನಂತರದ ಬಾಲವಂತೂ ಬಹಳ ಅಮೂಲ್ಯ. ಸಿಡಿತದಲ್ಲಿ ಹುಟ್ಟಿದ ನಿಕಲ್-56 ಕೋಬಾಲ್ಟ್-56 ಆಗಿ, ಅದು 77 ದಿನಗಳ ಅರ್ಧಾಯುಷ್ಯದಲ್ಲಿ ಕಬ್ಬಿಣವಾಗುತ್ತ ಹೋಗುತ್ತದೆ. ಆಗ ಬೆಳಕು 100 ದಿನಕ್ಕೆ ಸುಮಾರು ಒಂದು ಕಾಂತಿಮಾನದಂತೆ ಇಳಿಯುತ್ತದೆ. 1987ಎ ಹೀಗೆಯೇ ಇಳಿಯಿತು. ಆ ಬಾಲದ ಎತ್ತರದಿಂದ ಎಷ್ಟು ನಿಕಲ್ ಹುಟ್ಟಿತ್ತೆಂದು ಲೆಕ್ಕಹಾಕಬಹುದು. ವಾರಕ್ಕೊಂದು ಅಳತೆ ಸಾಕು, ಆದರೆ ತಿಂಗಳುಗಟ್ಟಲೆ ಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡು, ಕರಾವಳಿಯಲ್ಲಿ ಮೋಡವೇ ಆಕಾಶ. ಆ ಬಿಡುವು ಬಿಡುವಾಗಿಯೇ ಇರಲಿ, ಊಹೆಯ ಅಂಕಿಯಿಂದ ತುಂಬಬೇಡಿ.

13. ಹೊಸ ಚುಕ್ಕೆ ಕಂಡರೆ ಅದನ್ನು ಅನುಮಾನಿಸಿ.

ಅರ್ಧ ಗಂಟೆ ಬಿಟ್ಟು ಇನ್ನೊಂದು ಚಿತ್ರ ತೆಗೆಯಿರಿ. ಸರಿದಿದ್ದರೆ ಕ್ಷುದ್ರಗ್ರಹ. ಕನ್ಯಾ ರಾಶಿ ಕ್ರಾಂತಿವೃತ್ತದ ಮಗ್ಗುಲಲ್ಲೇ ಇರುವುದರಿಂದ ಅಲ್ಲಿ ಅವು ಆಗಾಗ ಹಾಯುತ್ತವೆ. ದೂರದರ್ಶಕವನ್ನು ತುಸು ಸರಿಸಿ ತೆಗೆದ ಚಿತ್ರದಲ್ಲಿ ಚುಕ್ಕೆ ಸೆನ್ಸರಿನ ಅದೇ ಪಿಕ್ಸೆಲ್‌ನಲ್ಲಿ ಉಳಿದರೆ ಅದು ಕ್ಯಾಮೆರಾದ ದೋಷ. ಹಳೆಯ ಸಮೀಕ್ಷೆ ಚಿತ್ರದೊಂದಿಗೆ ಹೋಲಿಸಿ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಪರವಾಗಿ ಹೆಸರು ನೀಡುವ ಟ್ರಾನ್ಸಿಯೆಂಟ್ ನೇಮ್ ಸರ್ವರ್‌ನಲ್ಲಿ ಈಗಾಗಲೇ ದಾಖಲಾಗಿದೆಯೇ ನೋಡಿ. ಇಷ್ಟೆಲ್ಲ ದಾಟಿದರೆ ತಡಮಾಡದೆ ಅಲ್ಲಿಗೆ ವರದಿ ಕಳಿಸಿ. 2023ರ ಮೇ 19ರಂದು ಇಟಗಾಕಿ ಎಂ101ರಲ್ಲಿ ಕಂಡದ್ದನ್ನು ಕೂಡಲೇ ತಿಳಿಸಿದ್ದರಿಂದ ಜಗತ್ತಿನ ದೂರದರ್ಶಕಗಳು ಅದರ ಮೊದಲ ದಿನಗಳನ್ನೇ ಹಿಡಿದವು. ಅದಕ್ಕೂ ಹಿಂದಿನ ಗಂಟೆಗಳ ಬೆಳಕು ಬೇರೆ ಹವ್ಯಾಸಿಗಳ ಚಿತ್ರಗಳಲ್ಲಿ ಸಿಕ್ಕಿತು.

14. ಅಳತೆಯನ್ನು ಕಂಪ್ಯೂಟರಿನಲ್ಲಿ ಬಚ್ಚಿಡಬೇಡಿ.

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಹೊಸಕೋಟೆಯ ಕೇಂದ್ರದಲ್ಲಿ ಕೂತು ಲಡಾಖಿನ ಹಾನ್ಲೆಯ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುತ್ತಾರೆ. ಸೂಪರ್‌ನೋವಾಗಳ ರೋಹಿತವನ್ನು ಅದು ಸೆರೆಹಿಡಿಯುತ್ತದೆ. ಆದರೆ ಅಂಥ ದೂರದರ್ಶಕದ ಸಮಯವನ್ನು ಹತ್ತಾರು ಸಂಶೋಧನೆಗಳು ಹಂಚಿಕೊಳ್ಳಬೇಕು, ಒಂದೇ ನಕ್ಷತ್ರದ ಮುಂದೆ ಪ್ರತಿ ರಾತ್ರಿ ಕಾಯಲು ಅದಕ್ಕೆ ಆಗದು. ನಡುವಿನ ರಾತ್ರಿಗಳ ಅಂಕಿಗಳನ್ನು ನೀವು ಕೊಡಬಲ್ಲಿರಿ. ಎಎವಿಎಸ್‌ಒದಲ್ಲಿ ವೀಕ್ಷಕರ ಸಂಕೇತಾಕ್ಷರ ಪಡೆದು ನಕ್ಷೆಯ ಸಂಖ್ಯೆ, ಹೋಲಿಕೆ ತಾರೆ, ಫಿಲ್ಟರ್, ಅನಿಶ್ಚಿತತೆ ಎಲ್ಲ ಸೇರಿಸಿ ಕಳಿಸಿದರೆ ಯಾವ ದೇಶದ ಸಂಶೋಧಕರೂ ಅದನ್ನು ತೆಗೆದು ಬಳಸಬಹುದು. ಮೂಲ ಕಡತಗಳನ್ನು ಎರಡು ಕಡೆ ಉಳಿಸಿ. ಹತ್ತು ವರ್ಷದ ಮೇಲೆ ಯಾರಾದರೂ ಕೇಳಬಹುದು.

ಈಗ ಸೂಪರ್‌ನೋವಾ ಇಲ್ಲವೆಂದು ಕಾಯುತ್ತ ಕೂರಬೇಡಿ. ಈ ವಾರವೇ ಬೆಳಕು ಬದಲಿಸುವ ಯಾವುದಾದರೊಂದು ನಕ್ಷತ್ರದ ನಕ್ಷೆ ತೆಗೆದುಕೊಂಡು ಅಂದಾಜು ಮಾಡಿ, ಕನ್ಯಾ ಗುಚ್ಛ ನೆತ್ತಿಗೆ ಬರುವ ಹೊತ್ತಿಗೆ ಕೈಯೂ ಕಣ್ಣೂ ಪಳಗಿರಲಿ. ಕನ್ನಡ ನಾಡಿನ ತಾರಸಿಗಳಿಂದ ಹೋಗುವ ಅಳತೆಗಳು ಇನ್ನೂ ಬಹಳ ಹೆಚ್ಚಬೇಕು, ನಿಮ್ಮದನ್ನು ಕಳಿಸಿ.